"ಯಾವ ಟ್ರೇನ್ ಸೆಟ್ ತಗೊಳ್ಳಲಿ?" ಅಂತ ಕೇಳೋರಿಗೆಲ್ಲ

ಡಿಸೆಂಬರ್ ಶುರು ಆದ್ರೆ ಸಾಕು, ನನ್ನ ವಾಟ್ಸಾಪ್‌ಗೆ ಒಂದೇ ಥರದ ಮೆಸೇಜ್ ಬರೋಕೆ ಶುರು. "ನಿಮ್ಮನೇಲಿ ಕ್ರಿಸ್ಮಸ್ ಟ್ರೀ ಸುತ್ತ ಓಡತ್ತಲ್ಲ ಲೆಗೋ ಟ್ರೇನು, ನಾವೂ ಹಾಕ್ಬೇಕು ಅಂತಿದೀವಿ, ಯಾವ ಸೆಟ್ ತಗೊಳ್ಳಲಿ?" ಹಬ್ಬಕ್ಕೆ ಕೇಕು, ಕಲ್‌ಕಲ್ಸ್ ತಿನ್ನೋಕೆ ಬರೋ ಅಕ್ಕಪಕ್ಕದೋರು ಕೇಳ್ತಾರೆ, ಇಲ್ಲಿ ಮೈಸೂರಿನ ಅಶೋಕ ರೋಡಲ್ಲಿ ಫಿಲೋಮಿನಾ ಚರ್ಚ್ ಮುಂದೆ ಸಿಕ್ಕೋರು ಕೇಳ್ತಾರೆ, ದಸರಾಲಿ ಬೇರೆಯವರ ಮನೆ ಗೊಂಬೆ ನೋಡೋಕೆ ಹೋದ್ರೆ ಅಲ್ಲೂ ಕೇಳ್ತಾರೆ. ಒಬ್ಬೊಬ್ರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ, ಅದಕ್ಕೇ ಇಲ್ಲಿ ಒಂದೇ ಸಲ ಬರ್ದು ಹಾಕ್ತಿದೀನಿ, ಇನ್ಮೇಲೆ ಲಿಂಕ್ ಕಳಿಸಿ ಸುಮ್ನಾಗ್ತೀನಿ.

ಉತ್ತರ ಇಷ್ಟೇ. ಸೆಟ್ ಯಾವ್ದಾದ್ರೂ ನಡೆಯತ್ತೆ ಕಣ್ರೀ, ದುಡ್ಡು ಹಳಿಗೆ ಹಾಕಿ.

ಇದನ್ನ ಹೇಳಿದ್ ತಕ್ಷಣ ಎಲ್ಲರ ಮುಖ ಸಪ್ಪೆ ಆಗತ್ತೆ, ಯಾಕಂದ್ರೆ ಅವರು ಆಲ್ರೆಡಿ ಕೆಂಪು ಇಂಜಿನ್ನಿನ ಫೋಟೋ ನೋಡಿ ಮನಸ್ಸು ಕೊಟ್ಟಿರ್ತಾರೆ. ಸ್ವಲ್ಪ ತಾಳಿ, ಲೆಕ್ಕ ಹೇಳ್ತೀನಿ. ಲೆಗೋ ಬ್ಲಾಕ್ ಮೇಲೆ ಗುಂಡು ಗುಂಡಾಗಿ ಸ್ಟಡ್ ಇರತ್ತಲ್ಲ, ಒಂದು ಸ್ಟಡ್‌ನಿಂದ ಇನ್ನೊಂದಕ್ಕೆ 8 ಮಿಲಿಮೀಟರ್. ನೇರ ಹಳಿ ಒಂದು ತುಂಡು 16 ಸ್ಟಡ್ ಉದ್ದ, ಅಂದ್ರೆ 12.8 ಸೆಂಟಿಮೀಟರ್. ತಿರುವಿನ ಹಳಿ 16 ತುಂಡು ಸೇರಿಸಿದ್ರೆ ಒಂದು ಪೂರ್ತಿ ರೌಂಡು. ಆ ರೌಂಡಿನ ನಡುಮಧ್ಯದಿಂದ ಹಳಿ ಮಧ್ಯಕ್ಕೆ 40 ಸ್ಟಡ್, ಹೊರಗಿನ ಅಂಚಿಂದ ಅಂಚಿಗೆ ಅಳೆದ್ರೆ ಹತ್ರ ಹತ್ರ 70 ಸೆಂಟಿಮೀಟರ್, ಒಳಗಡೆ ಟ್ರೀ ಸ್ಟ್ಯಾಂಡ್ ಇಡೋಕೆ ಸಿಗೋದು 57 ಚಿಲ್ಲರೆ. ಈಗ ನಿಮ್ಮನೆ ಟ್ರೀ ನೋಡಿ. ಐದಾರು ಅಡಿ ಟ್ರೀ ಆದ್ರೆ ಕೆಳಗಿನ ಕೊಂಬೆಗಳು ಮೂರಡಿ ಅಗಲಕ್ಕೆ ಆರಾಮಾಗಿ ಹರಡ್ಕೊಂಡಿರ್ತವೆ. 70 ಸೆಂಟಿಮೀಟರ್ ರೌಂಡು ಅದರ ಅಡಿಯಲ್ಲಿ ಪೂರ್ತಿ ಮುಚ್ಚಿಹೋಗತ್ತೆ, ಟ್ರೇನು ಎಲ್ಲೋ ಕತ್ತಲಲ್ಲಿ ಸುತ್ತುತಿರತ್ತೆ, ಸದ್ದು ಮಾತ್ರ ಕೇಳತ್ತೆ, ಮಧ್ಯೆ ಒಂದು ಕೊಂಬೆ ತಗುಲಿ ಬೋಗಿ ಮಗುಚಿಕೊಳ್ಳತ್ತೆ.

ಅದಕ್ಕೇ ನೇರ ಹಳಿ ಬೇಕು ಅನ್ನೋದು. ನಾಲ್ಕು ಕಡೆಗೂ ಒಂದೊಂದು ನೇರ ಹಳಿ ಸೇರಿಸಿದ್ರೆ 83 ಸೆಂಟಿಮೀಟರ್ ಆಗತ್ತೆ, ಎರಡೆರಡು ಸೇರಿಸಿದ್ರೆ 96. ಬರೀ ಎಂಟು ತುಂಡು ಎಕ್ಸ್‌ಟ್ರಾ, ಅಷ್ಟಕ್ಕೇ ಟ್ರೇನು ಕೊಂಬೆ ಅಡಿಯಿಂದ ಆಚೆಗೆ ಬಂದು ಮುಖ ತೋರಿಸತ್ತೆ. ಹಳಿ ಹಾಕಿ ಆದ್ಮೇಲೆ ಟ್ರೀ ಇಡಿ, ಉಲ್ಟಾ ಮಾಡ್ಬೇಡಿ. ಟ್ರೀ ಮೊದ್ಲೇ ನಿಲ್ಲಿಸಿ, ಅಲಂಕಾರ ಎಲ್ಲ ಮುಗಿಸಿ, ಆಮೇಲೆ ಹೊಟ್ಟೆ ಮೇಲೆ ಮಲಗಿ ಒಳಗೆ ಕೈ ಹಾಕಿ ಹಳಿ ಜೋಡಿಸೋದು ಯಾರಿಗೂ ಬೇಡ. ನರ್ಸರಿಯಿಂದ ಅರಕೇರಿಯಾ ತಂದು ಕುಂಡದಲ್ಲೇ ಇಡೋರಿಗೆ ಇದು ಸಲೀಸು, ಕುಂಡದಿಂದಾನೇ ಗಿಡ ಒಂದಡಿ ಎತ್ತರದಲ್ಲಿರತ್ತೆ. ಪ್ಲಾಸ್ಟಿಕ್ ಟ್ರೀ ಆದ್ರೆ ಸ್ಟ್ಯಾಂಡ್ ಅಡಿಗೆ ಒಂದು ಮಣೆ ಕೊಡಿ. ಕೆಳಗಿನ ಕೊಂಬೆಗೂ ನೆಲಕ್ಕೂ ಮಧ್ಯೆ ಒಂದು ಗೇಣು ಜಾಗ ಇದ್ರೆ ಇಂಜಿನ್ ಆರಾಮಾಗಿ ಪಾಸ್ ಆಗತ್ತೆ.

ನೇರ ಹಳಿಗೆ ಇನ್ನೊಂದು ಕಾರಣಾನೂ ಇದೆ, ಇದು ನನಗೆ ತುಂಬಾ ಇಷ್ಟವಾದ ವಿಷಯ, ಬೋರ್ ಆಗೋರು ಮುಂದಿನ ಪ್ಯಾರಾಗೆ ಹೋಗಿ. ಎರಡು ಹಳಿ ಮಧ್ಯೆ ಇರೋ ಅಂತರ, ಅಂದ್ರೆ ಗೇಜ್, ಸುಮಾರು 37.5 ಮಿಲಿಮೀಟರ್. ರೌಂಡಲ್ಲಿ ಸುತ್ತುವಾಗ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಜಾಸ್ತಿ ದೂರ ಓಡ್ಬೇಕು, ಒಂದು ಸುತ್ತಿಗೆ ಹತ್ರ ಹತ್ರ 23.5 ಸೆಂಟಿಮೀಟರ್ ಜಾಸ್ತಿ. ಮೋಟರ್‌ನಲ್ಲಿ ಎರಡೂ ಕಡೆ ಚಕ್ರ ಒಂದೇ ಅಚ್ಚಿಗೆ ಕೂತಿರತ್ತೆ, ಜೊತೆಗೇ ತಿರುಗ್ಬೇಕು, ಅಂದ್ಮೇಲೆ ಯಾವುದಾದ್ರೂ ಒಂದು ಜಾರಲೇಬೇಕು. ನಿಜವಾದ ರೈಲಿನಲ್ಲೂ ಎರಡು ಚಕ್ರ ಒಂದೇ ಅಚ್ಚಿನಲ್ಲೇ ಇರೋದು, ಆದರೆ ಅಲ್ಲಿ ಚಕ್ರದ ಮೈ ಸ್ವಲ್ಪ ಓರೆ ಇರತ್ತೆ, ಒಳಗಡೆ ದಪ್ಪ ಹೊರಗಡೆ ಸಣ್ಣ, ತಿರುವು ಬಂದಾಗ ಅಚ್ಚು ಹೊರಗಡೆಗೆ ಸರಿದು ಲೆಕ್ಕ ತಾನೇ ಸರಿಹೋಗತ್ತೆ, ಜೊತೆಗೆ ತಿರುವೂ ಎಷ್ಟೋ ದೊಡ್ಡದು. ನಮ್ಮ ಹಾಲಲ್ಲಿ ಆ ಭಾಗ್ಯ ಇಲ್ಲ. ಪೂರ್ತಿ ರೌಂಡ್ ಹಾಕಿದ್ರೆ ಟ್ರೇನು ಇಡೀ ಹೊತ್ತು ತಿರುವಿನಲ್ಲೇ ಇರತ್ತೆ, ಇಡೀ ಹೊತ್ತು ಉಜ್ಜಾಡ್ತಿರತ್ತೆ, ಸೆಲ್ ಬೇಗ ತಿನ್ನತ್ತೆ, ಐದನೇ ಬೋಗಿ ಹಾಕಿದ್ರೆ ಮುಕ್ಕರಿಯತ್ತೆ. ನಡುವೆ ನೇರ ಹಳಿ ಬಂದ್ರೆ ಇಂಜಿನ್‌ಗೆ ಉಸಿರು ಬರತ್ತೆ. ಬೇರೆ ಕಂಪನಿಯೋರು ಇದಕ್ಕಿಂತ ದೊಡ್ಡ ತಿರುವಿನ ಹಳಿ ಮಾಡ್ತಾರೆ, ನಡುಮಧ್ಯದಿಂದ ಹಳಿಗೆ 40ರ ಬದಲು 56 ಸ್ಟಡ್‌ದು, 72ರದ್ದು, ಅದಕ್ಕಿಂತ ದೊಡ್ಡದೂ ಇದೆ. 56ರದ್ದು ಹಾಕಿದ್ರೆ ನೇರ ಹಳಿ ಇಲ್ಲದೇನೇ 96 ಸೆಂಟಿಮೀಟರ್ ರೌಂಡು ಬರತ್ತೆ, ನೋಡೋಕೂ ಚೆನ್ನ. 72ರದ್ದು 120 ಸೆಂಟಿಮೀಟರ್ ದಾಟತ್ತೆ, ಆಮೇಲೆ ಸೋಫಾ ಎಲ್ಲಿ ಹಾಕ್ತೀರ ಅನ್ನೋದು ನಿಮ್ಮನೆ ಪ್ರಾಬ್ಲಮ್ಮು.

ಮಕ್ಕಳು ಕೇಳೋ ಪ್ರಶ್ನೆ ಬೇರೆ: ಚಾಮುಂಡಿ ಎಕ್ಸ್‌ಪ್ರೆಸ್ ಮಾಡೋಕೆ ಆಗಲ್ವಾ ಅಂಕಲ್? ಬಣ್ಣಕ್ಕೆ ಮಾಡ್ಬಹುದು, ನೀಲಿ ಬ್ಲಾಕ್ ಇದ್ರೆ ಸಾಕು, ನಾನೂ ಮಾಡ್ತೀನಿ. ಅಳತೆಗೆ ಮಾತ್ರ ಆಗಲ್ಲ ಪುಟ್ಟ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್, ಅದನ್ನ 37.5ರಿಂದ ಭಾಗಿಸಿದ್ರೆ ಸುಮಾರು 45ಕ್ಕೆ 1 ಅಂತ ಬರತ್ತೆ. ಹಳೇ ನೀಲಿ ಬೋಗಿ ಒಂದೊಂದೂ 21 ಮೀಟರ್ ಮೇಲೆ ಉದ್ದ, ಅದನ್ನ ಈ ಲೆಕ್ಕಕ್ಕೆ ಇಳಿಸಿದ್ರೆ 47 ಸೆಂಟಿಮೀಟರ್. ರೌಂಡಿನ ಸುತ್ತಳತೆ ಇರೋದೇ ಎರಡು ಮೀಟರ್! ನಾಲ್ಕು ಬೋಗಿ ಹಾಕಿದ್ರೆ ಇಂಜಿನ್‌ಗೆ ಜಾಗಾನೇ ಇರಲ್ಲ, ತನ್ನ ಕೊನೇ ಬೋಗಿಗೆ ತಾನೇ ಹೋಗಿ ಗುದ್ದತ್ತೆ. ಅದಕ್ಕೇ ಲೆಗೋ ಬೋಗಿಗಳೆಲ್ಲ ಗಿಡ್ಡ ಗಿಡ್ಡ, ಅರ್ಧಕ್ಕೆ ಕತ್ತರಿಸಿದ ಹಾಗೆ ಇರೋದು. ಅಳತೆ ಸರಿ ಇರೋ ರೈಲು ನೋಡ್ಬೇಕು ಅಂದ್ರೆ ಮಕ್ಕಳನ್ನ ಕೃಷ್ಣರಾಜಸಾಗರ ರೋಡಿನ ರೈಲ್ ಮ್ಯೂಸಿಯಂಗೆ ಕರ್ಕೊಂಡು ಹೋಗಿ, 1979ರಿಂದ ಅಲ್ಲೇ ಇದೆ, ಮಹಾರಾಣಿಯವರ ಸಲೂನ್ ಬೋಗಿನೂ ಇದೆ.

ಗೇಜ್ ಅಂದಾಗ ನೆನಪಾಯ್ತು. ಲೆಗೋ ಮೊದಲ ಟ್ರೇನ್ ಬಿಟ್ಟಿದ್ದು 1966ರಲ್ಲಿ, ನೀಲಿ ಹಳಿ, 4.5 ವೋಲ್ಟ್ ಬ್ಯಾಟರಿ. 1991ರಲ್ಲಿ 9 ವೋಲ್ಟ್ ಬಂತು, ಲೋಹದ ಹಳಿಯಿಂದಾನೇ ಕರೆಂಟ್. 2006ರಲ್ಲಿ ಮತ್ತೆ ಪ್ಲಾಸ್ಟಿಕ್ ಹಳಿ, ರಿಮೋಟು. 2018ರಿಂದ ಬ್ಲೂಟೂತು. ಇಷ್ಟೆಲ್ಲ ಬದಲಾದ್ರೂ ಗೇಜ್ ಮಾತ್ರ ಹಾಗೇ ಇದೆ. ನಮ್ಮ ಮೈಸೂರು-ಬೆಂಗಳೂರು ಲೈನ್ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಆಯ್ತು, ಇವರು ಕದಲಿಲ್ಲ. ಹಾಗಾಗಿ ಫಾರಿನ್‌ನಿಂದ ಯಾರಾದ್ರೂ ಹಳೇ 9 ವೋಲ್ಟ್ ಲೋಹದ ಹಳಿ ತಂದುಕೊಟ್ರೆ ಬೇಡ ಅನ್ಬೇಡಿ, ಈಗಿನ ಪ್ಲಾಸ್ಟಿಕ್ ಹಳಿಗೆ ಅದು ಕೂಡತ್ತೆ, ಬ್ಯಾಟರಿ ಟ್ರೇನು ಅದರ ಮೇಲೂ ಓಡತ್ತೆ.

"ಯೇಸು ಹುಟ್ಟಿದ್ದಕ್ಕೂ ರೈಲಿಗೂ ಏನ್ರೀ ಸಂಬಂಧ" ಅಂತ ನಮ್ಮ ಬೀದಿ ಮೇಷ್ಟ್ರು ಪ್ರತಿ ವರ್ಷ ಕೇಳ್ತಾರೆ, ಕೇಕ್ ತಿಂತಾನೇ ಕೇಳ್ತಾರೆ. ಯಾವ ಸಂಬಂಧಾನೂ ಇಲ್ಲ ಸಾರ್. ಅಮೆರಿಕದ ಪೆನ್ಸಿಲ್ವೇನಿಯಾ ಕಡೆ ನೆಲೆಸಿದ್ದ ಮೊರೇವಿಯನ್ ಕ್ರೈಸ್ತರು ಟ್ರೀ ಕೆಳಗೆ ಗೋದಲಿ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ದೃಶ್ಯ, ಅದರ ಜೊತೆಗೆ ಪುಟ್ಟ ಊರನ್ನೇ ಜೋಡಿಸ್ತಿದ್ರು, ಬೆಟ್ಟ, ಮನೆ, ಪ್ರಾಣಿ ಎಲ್ಲ. 1900ರಲ್ಲಿ ನ್ಯೂಯಾರ್ಕಲ್ಲಿ ಲಯನೆಲ್ ಕಂಪನಿ ಶುರುವಾಯ್ತು, ಅವರು ಮೊದಲು ಮಾಡಿದ ಕರೆಂಟ್ ಗಾಡಿ ಅಂಗಡಿ ಕಿಟಕಿಲಿ ಜನರನ್ನ ಸೆಳೆಯೋಕೆ ಅಂತ, ಜನ ಆ ಗಾಡಿನೇ ಬೇಕು ಅಂದ್ರು. ಊರಿದ್ದ ಕಡೆ ರೈಲು ಬಂತು, ಅಷ್ಟೇ. ನಮಗೇನು ಇದು ಹೊಸದಾ? ದಸರಾ ಗೊಂಬೆ ಕೂರಿಸುವಾಗ ಕೆಳಗಡೆ ಪಾರ್ಕು ಮಾಡ್ತೀವಲ್ಲ, ರಾಗಿ ಚೆಲ್ಲಿ ಮೊಳಕೆ ಬರಿಸಿ ಹುಲ್ಲು, ಕನ್ನಡಿ ಇಟ್ಟು ಕೆರೆ, ಪಕ್ಕದಲ್ಲಿ ಚಾಮುಂಡಿ ಬೆಟ್ಟ, ಮೂಲೇಲಿ ಕೀ ಕೊಡೋ ರೈಲು. ಗೋದಲಿಗೂ ಅದೇ ರಾಗಿ ಪೈರು ಬೆಳೆಸ್ತೀವಿ. ಗೊಂಬೆ ಮುಂದೆ ಓಡಿದ್ರೆ ಸರಿ, ಟ್ರೀ ಮುಂದೆ ಓಡಿದ್ರೆ ಪ್ರಶ್ನೆ. ಮೇಷ್ಟ್ರಿಗೆ ಇನ್ನೊಂದು ಪೀಸ್ ಕೇಕ್ ಕೊಡ್ತೀನಿ.

ಈಗ ನಿಜವಾಗ್ಲೂ ಕೆಲಸಕ್ಕೆ ಬರೋ ಮಾತು. ಹಿಮ ಅಂತ ಹತ್ತಿ ಹಾಸೋದು ಬೇಡ, ದಯವಿಟ್ಟು ಬೇಡ. ಹತ್ತಿ ಎಳೆ ಅಚ್ಚಿಗೆ ಸುತ್ತಿಕೊಂಡು ಚಕ್ರ ನಿಲ್ಲತ್ತೆ, ಆಮೇಲೆ ಚಿಮಟ ಹಿಡ್ಕೊಂಡು ಕೂರ್ಬೇಕು. ಗ್ಲಿಟರ್ ಪುಡಿನೂ ಅಷ್ಟೇ. ಬಿಳಿ ಪಂಚೆ ಹಾಸಿ, ಸುಕ್ಕಿಲ್ಲದ ಹಾಗೆ ಎಳೆದು, ಅದರ ಮೇಲೆ ಹಳಿ. ಸರ್ವೆ ಕೊಂಬೆ ತಂದು ಟ್ರೀ ಮಾಡೋರು ಇದ್ದಾರೆ, ನನಗೂ ಆ ವಾಸನೆ ಇಷ್ಟ, ಆದ್ರೆ ಅದರ ಸೂಜಿ ಎಲೆ ಉದುರಿ ಹಳಿ ಮೇಲೆ ಬೀಳ್ತಾನೇ ಇರತ್ತೆ, ದಿನಾ ಬೆಳಿಗ್ಗೆ ಬ್ರಷ್ ಆಡಿಸ್ಬೇಕು. ಹಳೇ ಮನೆ ರೆಡ್ ಆಕ್ಸೈಡ್ ನೆಲ ಆದ್ರೆ ಹಳಿ ಜಾರತ್ತೆ, ಪ್ರತಿ ಜಾಯಿಂಟ್ ಅಡಿಗೂ ಒಂದು ಲೆಗೋ ಪ್ಲೇಟ್ ಸಿಕ್ಕಿಸಿ, ಜಾಯಿಂಟ್ ಬಿಡಲ್ಲ. ಎಲ್ಲ ಜೋಡಿಸಿದ್ಮೇಲೆ ಒಂದು ಬೋಗಿನ ಕೈಯಲ್ಲೇ ನಿಧಾನಕ್ಕೆ ತಳ್ಳಿ ಸುತ್ತು ಹಾಕಿಸಿ, ಎಲ್ಲಿ 'ಟಕ್' ಅನ್ನತ್ತೋ ಅಲ್ಲೇ ಮುಂದೆ ಹಳಿ ತಪ್ಪೋದು. ಎಡತಿರುವು ಬಲತಿರುವು ಒಂದಕ್ಕೊಂದು ಅಂಟಿಸಿ ಹಾಕ್ಬೇಡಿ, ಮಧ್ಯೆ ಒಂದು ನೇರ ತುಂಡು ಇರ್ಲಿ. ಸೀರಿಯಲ್ ಸೆಟ್ ವೈರು ಹಳಿ ದಾಟೋದೇ ಬೇಡ, ಗೋಡೆ ಕಡೆಯಿಂದ ಮೇಲೇನೇ ಟ್ರೀಗೆ ಎಳ್ಕೊಳ್ಳಿ.

ಭಾರದ ಬೋಗಿ ಇಂಜಿನ್ ಹಿಂದೇನೇ, ಖಾಲಿ ಬೋಗಿ ಕೊನೇಗೆ. ಉಲ್ಟಾ ಹಾಕಿದ್ರೆ ತಿರುವಿನಲ್ಲಿ ಹಗುರ ಬೋಗಿ ಒಳಗಡೆಗೆ ಎಳೆದು ಬೀಳತ್ತೆ. ಮಂಡ್ಯದಲ್ಲಿರೋ ನಮ್ಮಕ್ಕನ ಮಗ ಗೂಡ್ಸ್ ಗಾಡಿಗೆ ಕಬ್ಬಿನ ತುಂಡು ಲೋಡ್ ಮಾಡ್ತಾನೆ, ಮಂಡ್ಯದೋನು ಇನ್ನೇನು ಮಾಡ್ತಾನೆ, ರಸ ಹಳಿಗೆ ಅಂಟಿ ಇರುವೆ ಸಾಲು ಟ್ರೇನಿಗಿಂತ ಚೆನ್ನಾಗಿ ಸುತ್ತು ಹೊಡೀತಿರತ್ತೆ. ಕಡ್ಲೇಕಾಯಿ ಹಾಕಪ್ಪ ಅಂದಿದೀನಿ.

ಸೆಲ್ ವಿಷಯ. ಈಗಿನ ಹಬ್‌ಗೆ, ಅಂದ್ರೆ ಗಾಡಿ ಒಳಗೆ ಕೂತು ಮೋಟರ್ ಓಡಿಸೋ ಸೆಲ್ ಡಬ್ಬಿಗೆ, ಎಎಎ ಸೆಲ್ ಆರು, ರಿಮೋಟ್‌ಗೆ ನಾಲ್ಕು. ಹಬ್ಬದ ವಾರ ಪೂರ್ತಿ ಓಡ್ಸೋರು ರೀಚಾರ್ಜೆಬಲ್ ತಗೊಳ್ಳಿ. ಅದು ಒಂದಕ್ಕೆ 1.2 ವೋಲ್ಟ್, ಆರಕ್ಕೆ 7.2, ಮಾಮೂಲಿ ಸೆಲ್‌ನ 9 ವೋಲ್ಟ್‌ಗಿಂತ ಕಮ್ಮಿ, ಸ್ಪೀಡ್ ಸ್ವಲ್ಪ ಇಳಿಯತ್ತೆ, ಇಳಿದ್ರೆ ಒಳ್ಳೇದೇ. ಟ್ರೀ ಸುತ್ತ ಟ್ರೇನು ನಿಧಾನಕ್ಕೆ ಹೋದ್ರೇನೇ ಚೆಂದ. ಬೋಗಿ ಮೇಲ್ಛಾವಣಿ ಸುಲಭವಾಗಿ ಎತ್ತೋ ಹಾಗೆ ಕಟ್ಕೊಳ್ಳಿ, ಇಲ್ಲಾಂದ್ರೆ ಸೆಲ್ ಬದಲಾಯಿಸೋಕೆ ಅರ್ಧ ಗಾಡಿ ಬಿಚ್ಚಬೇಕಾಗತ್ತೆ. ಕರೆಂಟ್ ಹೋದಾಗ ಮಾತ್ರ ಈ ಸೆಲ್ ಗಾಡಿ ಮಜಾನೇ ಬೇರೆ, ಟ್ರೀ ಲೈಟೆಲ್ಲ ಆಫು, ಇದೊಂದು ಓಡ್ತಾನೇ ಇರತ್ತೆ, ಮಕ್ಕಳ ಕಿರುಚಾಟ ಬೀದಿಗೆಲ್ಲ ಕೇಳತ್ತೆ.

ರೇಟು ಯಾಕೆ ಅಷ್ಟು ಅಂತಾನೂ ಕೇಳ್ತೀರ. ಆಟಿಕೆ ಮೇಲಿನ ಕಸ್ಟಮ್ಸ್ ಡ್ಯೂಟಿನ 2020ರಲ್ಲಿ 20 ಪರ್ಸೆಂಟ್‌ನಿಂದ 60ಕ್ಕೆ ಏರಿಸಿದ್ರು, 2023ರಲ್ಲಿ 70 ಮಾಡಿದ್ರು. ಚನ್ನಪಟ್ಟಣದವರಿಗೆ ಒಳ್ಳೇದಾದ್ರೆ ಆಗ್ಲಿ, ನನಗೇನು ಬೇಜಾರಿಲ್ಲ, ನಮ್ಮ ಟ್ರೀ ಕೆಳಗೆ ಅವರ ಮರದ ಗೊಂಬೆಗಳೇ ಪ್ಯಾಸೆಂಜರ್ಸ್ ಥರ ಪ್ಲಾಟ್‌ಫಾರ್ಮಲ್ಲಿ ನಿಂತಿರ್ತವೆ. ಆದ್ರೆ ದುಬಾರಿ ಅನ್ನೋ ಕಾರಣಕ್ಕೇ ನಾನು ಹೇಳೋದು, ಇರೋದ್ರಲ್ಲಿ ಸಣ್ಣ ಟ್ರೇನ್ ಸೆಟ್ ಒಂದು ತಗೊಳ್ಳಿ, ಮೋಟರ್ ಮತ್ತು ರೌಂಡ್ ಹಳಿ ಅದರಲ್ಲೇ ಬರತ್ತಾ ನೋಡಿ, ಉಳಿದ ದುಡ್ಡಿಗೆ ನೇರ ಹಳಿ. ಕ್ರಿಸ್ಮಸ್ ಥೀಮಿನ ಟ್ರೇನ್ ಸೆಟ್ ನೋಡೋಕೆ ಮುದ್ದು, ಆದ್ರೆ 2016ರ ವಿಂಟರ್ ಹಾಲಿಡೇ ಟ್ರೇನ್ ಥರದವುಗಳಲ್ಲಿ ಮೋಟರ್ ಬರಲ್ಲ, ಬೇರೆ ಕೊಳ್ಳಬೇಕು, ಬಾಕ್ಸ್ ಮೇಲೆ ಓದದೆ ದುಡ್ಡು ಕೊಡ್ಬೇಡಿ. ಕೆಂಪು ಹಸಿರು ಬ್ಲಾಕ್ ಮನೇಲಿ ಇದ್ದೇ ಇರತ್ತೆ, ಮಾಮೂಲಿ ಬೋಗಿಗೇ ಹಾಕ್ಕೊಳ್ಳಿ, ಮುಂದಿನ ವರ್ಷ ಬಿಚ್ಚಿ ಬೇರೆ ಥರ ಕಟ್ಟಿ.

ಜನವರಿ 6ಕ್ಕೆ ಮೂರು ರಾಯರ ಹಬ್ಬ ಮುಗಿದ್ಮೇಲೆ ನಮ್ಮನೇಲಿ ಎಲ್ಲ ಎತ್ತಿಡ್ತೀವಿ. ಹಳಿ ಬಿಚ್ಚುವಾಗ ಪಕ್ಕಕ್ಕೆ ತಿರುಚ್ಬೇಡಿ, ಕ್ಲಿಪ್ ಮುರಿಯತ್ತೆ, ನೇರಕ್ಕೆ ಎಳೀರಿ. ಮೋಟರ್ ಚಕ್ರದ ರಬ್ಬರ್ ರಿಂಗ್ ಒಣಬಟ್ಟೇಲಿ ಒರೆಸಿ. ಹಬ್‌ನಿಂದಲೂ ರಿಮೋಟ್‌ನಿಂದಲೂ ಸೆಲ್ ತೆಗೆದು ಬೇರೆ ಕವರ್‌ಗೆ ಹಾಕಿ, ಒಳಗೇ ಬಿಟ್ರೆ ಸೋರಿ ಮುಂದಿನ ಡಿಸೆಂಬರ್‌ಗೆ ಹೊಸ ಹಬ್ ಕೊಳ್ಳೋ ಹಾಗಾಗತ್ತೆ, ಅದರ ರೇಟಿಗೆ ಇನ್ನೂ ಒಂದಷ್ಟು ಹಳಿ ಬರತ್ತೆ.