‘ರ‍್ಯಾಂಪ್ ಐತ್ರಿ, ಬರ್ರಿ’

ಹಾಲ್‌ನವರು ಫೋನಿನಲ್ಲಿ ಹೇಳಿದ್ದು ಅಷ್ಟೇ. ‘ರ‍್ಯಾಂಪ್ ಐತ್ರಿ, ಬರ್ರಿ.’ ಅದನ್ನು ನಂಬಿ ನಾನು ಮುಂಗಡ ಕೊಟ್ಟುಬಿಟ್ಟಿದ್ದೆ.

ಕೊಪ್ಪಳದಲ್ಲಿ ನಾವು ಐದಾರು ಗೆಳತಿಯರು ಸೇರಿ ಒಂದು ಭಾನುವಾರ ಪಕ್ಕದ ಕಿನ್ನಾಳ ಊರಿನ ಬಣ್ಣದ ಮರದ ಗೊಂಬೆಯ ಕಾರ್ಯಕ್ರಮ ಇಟ್ಟುಕೊಂಡಿದ್ದೆವು. ದೊಡ್ಡದೇನಲ್ಲ. ಕಿನ್ನಾಳದ ಚಿತ್ರಗಾರ ಮನೆತನದ ಹಿರಿಯರೊಬ್ಬರು ಬಂದು ಗೊಂಬೆ ಮಾಡಿ ತೋರಿಸುವುದು, ನಾವು ಕೂತು ನೋಡುವುದು, ಆಮೇಲೆ ಒಗ್ಗರಣಿ-ಮಿರ್ಚಿ. ಮೊದಲು ಜನವರಿ ಅಂದುಕೊಂಡಿದ್ದೆವು. ‘ಗವಿಮಠದ ಜಾತ್ರಿ ಬಿಟ್ಟು ನಿಮ್ಮ ಗೊಂಬಿ ನೋಡಾಕ ಯಾರ್ ಬರ್ತಾರ?’ ಎಂದು ನಮ್ಮತ್ತೆ ನಕ್ಕರು. ಫೆಬ್ರುವರಿಗೆ ಹೋಯಿತು. ಬರಲಾಗದವರಿಗೆ ಜೂಮ್‌ನಲ್ಲಿ ತೋರಿಸೋಣ ಅಂತಲೂ ಆಯಿತು. ಎಲ್ಲರಿಗೂ ಅನುಕೂಲ ಆಗುವ ಹಾಗೆ ಮಾಡಬೇಕು ಅಂತ ಜೋರಾಗಿ ಹೇಳಿದವಳು ನಾನೇ. ಹೇಳುವುದಕ್ಕೇನು, ಖರ್ಚಿಲ್ಲ.

ನಮ್ಮ ಓಣಿಯ ಹುಡುಗಿಯೊಬ್ಬಳು ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಬಿ.ಕಾಂ. ಮುಗಿಸಿದ್ದಾಳೆ. ನಾಲ್ಕು ದಿನ ಮೊದಲು ಅವಳನ್ನೇ ಕರೆದುಕೊಂಡು ಹಾಲ್ ನೋಡಲು ಹೋದೆ. ಕಟ್ಟೆ ಎರಡೂವರೆ ಅಡಿ ಎತ್ತರ. ಅದಕ್ಕೆ ಆನಿಸಿದಂತೆ ಐದಡಿ ಉದ್ದದ ಸಿಮೆಂಟಿನ ಜಾರುಬಂಡೆ. ಅವಳು ಕೆಳಗೇ ಕುರ್ಚಿ ನಿಲ್ಲಿಸಿ ನಕ್ಕಳು. ‘ಅಕ್ಕಾ, ಇದು ಬೈಕ್ ಹತ್ತಿಸಾಕ ಮಾಡ್ಯಾರ.’ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಅನ್ನುವ ಲೆಕ್ಕ ಅವಳಿಗೆ ಬಾಯಿಪಾಠ. ಎರಡೂವರೆ ಅಡಿಗೆ ಮೂವತ್ತು ಅಡಿ. ಅಷ್ಟು ಉದ್ದ ಕಟ್ಟಿದ್ದರೆ ಅದು ರಸ್ತೆಗೇ ಬರುತ್ತಿತ್ತು.

‘ನಾಕ್ ಮಂದಿ ಎತ್ತಿ ಒಳಗ ಇಡ್ತೀವಿ ಬಿಡ್ರಿ’ ಅಂದರು ಹಾಲ್‌ನವರು. ಪ್ರೀತಿಯಿಂದಲೇ ಅಂದರು. ಅವಳು ಮಾತಾಡಲಿಲ್ಲ. ವಾಪಸ್ ಬರುವಾಗ ಹೇಳಿದಳು: ‘ಎತ್ತವರು ಬರೂತನ ಹೊರಗ ಕಾಯಬೇಕು. ಬಚ್ಚಲಿಗೆ ಹೋಗಬೇಕಂದ್ರ ಮತ್ತ ಅವರನ್ನ ಕರೀಬೇಕು. ಅದಕ್ಕ ನಾ ಇಂಥ ಕಡೆ ಹೋದ್ರ ಬೆಳಗಿನಿಂದ ನೀರs ಕುಡಿಯಂಗಿಲ್ಲ.’ ಇದು ನನ್ನ ತಲೆಗೆ ಎಂದೂ ಬಂದಿರಲಿಲ್ಲ.

ಮುಂಗಡ ಹೋಯಿತು. ಪರಿಚಯದವರ ಕೆಳಮಹಡಿಯ ಒಂದು ಖಾಲಿ ಗೋದಾಮು ಸಿಕ್ಕಿತು. ಹೊಸ್ತಿಲಿಲ್ಲ, ಮೆಟ್ಟಿಲಿಲ್ಲ. ಬಚ್ಚಲ ಬಾಗಿಲು ಅಳೆದರೆ 28 ಇಂಚು, ಅವಳ ಕುರ್ಚಿ 26. ಮದುವೆಗೆ ವರ ಸಿಕ್ಕಷ್ಟು ಖುಷಿಪಟ್ಟೆವು.

ಇನ್ನು ಆಮಂತ್ರಣ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿ, ಸುತ್ತ ಗೊಂಬೆಗಳ ಅಂಚು ಹಾಕಿಸಿ, ಚಿತ್ರ ಮಾಡಿ ವಾಟ್ಸಾಪಿಗೆ ಬಿಟ್ಟೆ. ಅರ್ಧ ತಾಸಿಗೆ ನಿವೃತ್ತ ಮಾಸ್ತರರೊಬ್ಬರ ಫೋನ್. ಅವರಿಗೆ ಕಣ್ಣು ಕಾಣುವುದಿಲ್ಲ, ಮೊಬೈಲೇ ಓದಿ ಹೇಳುತ್ತದೆ. ‘ಏನ್ ಕಳಿಸೀ ತಂಗಿ? ಫೋಟೋ ಅಂತ ಒಂದs ಮಾತು ಹೇಳಿ ಸುಮ್ನಾತು.’ ಪಿಡಿಎಫ್ ಕಳಿಸಿದೆ. ಮತ್ತೆ ಫೋನ್. ಈ ಸಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಉದ್ದಕ್ಕೂ ಓದಿತಂತೆ. ಹಳೆಯ ಫಾಂಟುಗಳ ಹಣೆಬರಹವೇ ಅದು. ಕಣ್ಣಿಗೆ ಕನ್ನಡ, ಒಳಗೆಲ್ಲ ಇಂಗ್ಲಿಷ್ ಅಕ್ಷರ. ಕೊನೆಗೆ ಆರು ಸಾಲು, ಮೊಬೈಲಿಗೂ ಕನ್ನಡ ಅಂತಲೇ ತಿಳಿಯುವ ಯೂನಿಕೋಡಿನಲ್ಲಿ ಸುಮ್ನೆ ಟೈಪ್ ಮಾಡಿ ಕಳಿಸಿದೆ. ಕೂಡಲೇ ಉತ್ತರ ಬಂತು: ‘ಬರ್ತೀನಿ. ಮಿರ್ಚಿ ಬಿಸಿ ಇರ್ಲಿ.’

ಆ ದಿನ ಗೋದಾಮಿನಲ್ಲಿ ಮೂವತ್ತೈದು ಜನ, ಪರದೆಯ ಮೇಲೆ ಹದಿನಾರು. ಪರದೆಯವರೆಲ್ಲ ಬೆಂಗಳೂರು, ಪುಣೆಯವರೇ ಇರುತ್ತಾರೆ ಅಂದುಕೊಂಡಿದ್ದೆ. ಗಂಗಾವತಿಯ ಗೆಳತಿಯೂ ಅಲ್ಲೇ ಇದ್ದಳು. ಬಂದರೆ ಒಂದು ತಾಸಿನ ದಾರಿ. ಆದರೆ ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಬರುವುದು ಹೇಗೆ?

ಚಿತ್ರಗಾರರು ಕಿಟಕಿಯ ಪಕ್ಕ ಕೂತರು. ಗಾಳಿ ಬರಲಿ ಅಂತ ನಾವೇ ಅಲ್ಲಿ ಕುರ್ಚಿ ಹಾಕಿದ್ದೆವು. ಗೋಣಿನಾರಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಅದಕ್ಕೆ ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ‘ಕಿಟ್ಟ’ ಅನ್ನುವ ಅಂಟುಮುದ್ದೆ ಮಾಡುವುದನ್ನು ಹೇಳುತ್ತಿದ್ದರು. ನಾವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ನಡುವೆ ಹಿಂದಿನಿಂದ ಹಿರಿಯರೊಬ್ಬರು ಪ್ರಶ್ನೆ ಕೇಳಿದರು. ಮೈಕ್ ಕೊಡಲು ಹೋದರೆ, ‘ನನ್ನ ದನಿ ಊರಿಗೇ ಕೇಳಸ್ತೈತಿ, ಮೈಕ್ ಯಾಕ?’ ಊರಿಗೆ ಕೇಳಿಸಿತು ನಿಜ, ಪುಣೆಗೆ ಕೇಳಿಸಲಿಲ್ಲ. ಅವರನ್ನು ನೋಡಿ ಉಳಿದವರೂ ಮೈಕ್ ಮುಟ್ಟಲಿಲ್ಲ. ಲ್ಯಾಪ್‌ಟಾಪ್ ಕಡೆ ತಿರುಗಿದಾಗ ಚಾಟ್‌ನಲ್ಲಿ ಒಂಬತ್ತು ಸಲ ‘ಕೇಳಿಸ್ತಿಲ್ಲ’. ಮೊದಲನೆಯದು ಬಂದು ಹದಿನೈದು ನಿಮಿಷ ಆಗಿತ್ತು. ಅದರ ನಡುವೆ ಗಂಗಾವತಿಯಿಂದ ಇನ್ನೊಂದು ಸಾಲು: ‘ಅವರ ಮುಖ ಕಪ್ಪಗೆ ಕಾಣ್ತಿದೆ.’ ಕ್ಯಾಮೆರಾ ಅಗ್ಗದ್ದು, ಅದಕ್ಕೇ ಇರಬೇಕು ಅಂದುಕೊಂಡು ಬಿಟ್ಟೆ. ಅಣ್ಣನ ಮಗನನ್ನು ಚಾಟ್ ಮುಂದೆ ಕೂರಿಸಿದೆ. ಯಾರು ಏನೇ ಕೇಳಿದರೂ ಅವನು ಮೈಕ್‌ನಲ್ಲಿ ಮತ್ತೊಮ್ಮೆ ಹೇಳಬೇಕು, ಅಷ್ಟೇ ಕೆಲಸ. ಅಷ್ಟರಲ್ಲಿ ನಲವತ್ತು ನಿಮಿಷ ಆಗಿ ಜೂಮ್ ಕಟ್ ಆಯಿತು. ಬಿಟ್ಟಿ ಖಾತೆ! ಹದಿನಾರರಲ್ಲಿ ಹನ್ನೊಂದು ಜನ ವಾಪಸ್ ಬಂದರು.

ಬಂದವರಿಗೆ ಮಾತ್ರ ಹಬ್ಬ. ಚಿತ್ರಗಾರರು ಮಾಸ್ತರರ ಕೈಗೆ ಒಂದು ಗೌರಿಯನ್ನು ಕೊಟ್ಟಿದ್ದರು. ಮಾಸ್ತರರು ಬೆರಳಾಡಿಸುತ್ತ ದೊಡ್ಡದಾಗಿ ಹೇಳತೊಡಗಿದರು. ‘ಕೊರಳಾಗ ಮೂರೆಳಿ ಸರ. ಕಾಳ ಕಾಳ ಎದ್ದಾವ. ಇದು ಮರದಾಗ ಕೆತ್ತಿದ್ದಲ್ಲ, ಮ್ಯಾಲ ಇಟ್ಟಿದ್ದು, ಹೌದಲ್ರಿ?’ ಹೌದು, ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಎಳೆಯುವ ಒಡವೆಗಳು ಅವು. ‘ಮುಖ ಬೆಣ್ಣಿಯಂಗ ಐತಿ, ತಳ ಮಾತ್ರ ತರಿತರಿ.’ ನಾವು ಆ ಗೌರಿಯನ್ನು ಬೆಳಗಿನಿಂದ ನೋಡುತ್ತಿದ್ದೆವು. ಸರ ಎಷ್ಟೆಳೆ ಅಂತ ಯಾರೂ ಎಣಿಸಿರಲಿಲ್ಲ. ಪರದೆಯ ಮೇಲೆ ಗೊಂಬೆ ಮಸುಕು ಮಸುಕಾಗಿತ್ತು, ಆದರೆ ಅವರ ಮಾತಿನಲ್ಲಿ ಪೂರ್ತಿ ಕಂಡಿತು ಅಂತ ಪುಣೆಯಿಂದ ಬರೆದರು.

ಇಲ್ಲಿಗೆ ನಿಲ್ಲಿಸಿದರೆ ನಾನು ಗೆದ್ದ ಹಾಗೆ ಕಾಣುತ್ತದೆ. ಆದರೆ ಕಿವಿ ಕೇಳದ ಹುಡುಗನೊಬ್ಬ ಬಂದಿದ್ದ, ಟೇಲರ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಹೇಳುತ್ತದೆ. ನಾನು ಇಂಚುಪಟ್ಟಿ ಹಿಡಿದು ಒಂದರ ಹಿಂದೆಯೇ ಓಡಾಡಿದ್ದೆ. ಸನ್ನೆ ಭಾಷೆಯವರು ಯಾರೂ ಸಿಕ್ಕಿರಲಿಲ್ಲ. ಅದಕ್ಕೆ ಮಾತನ್ನು ಅಕ್ಷರ ಮಾಡುವ ಆ್ಯಪ್ ಹಾಕಿ ಅವನ ಮುಂದೆ ಮೊಬೈಲ್ ಇಟ್ಟಿದ್ದೆ. ಅದಕ್ಕೆ ನಮ್ಮ ಕಡೆಯ ಕನ್ನಡ ಎಲ್ಲಿ ತಿಳಿಯಬೇಕು? ‘ಹುಣಸಿಬೀಜದ ಅಂಟು’ ಅಂದರೆ ‘ಹುಣ್ಣಿಮೆ ಬೀಜದ ಗಂಟು’ ಅಂತ ಬರೆಯಿತು. ಅವನು ಮೊದಮೊದಲು ನಕ್ಕ. ಮಿರ್ಚಿ ಬರುವ ಹೊತ್ತಿಗೆ ನೋಡಿದರೆ ಅವನ ಕುರ್ಚಿ ಖಾಲಿ.

ಮರುವಾರ ಬ್ಲೌಸ್ ಕೊಡುವ ನೆವದಲ್ಲಿ ಅವನ ಅಂಗಡಿಗೆ ಹೋದೆ. ಯಾಕೆ ಎದ್ದು ಹೋದೆ ಅಂತ ಚೀಟಿಯಲ್ಲಿ ಬರೆದೆ. ‘ತುಟಿ ನೋಡಿ ತಿಳಕೋತೀನಿ. ಹಿಂದ ಬಿಸಿಲು ಇತ್ತು, ಮುಖ ಪೂರ್ತಿ ಕತ್ತಲಿ’ ಅಂತ ಅವನು ಬರೆದ. ಗಂಗಾವತಿಯ ಆ ಸಾಲು ನೆನಪಾಯಿತು. ಅವನು ಅಷ್ಟಕ್ಕೆ ಬಿಡಲಿಲ್ಲ. ಬಟ್ಟೆ ಗುರುತು ಹಾಕುವ ಚಾಕ್ ತೆಗೆದುಕೊಂಡು, ಕತ್ತರಿಸುವ ಮೇಜಿನ ಮೇಲೆ ಗೋದಾಮಿನ ನಾಲ್ಕು ಗೋಡೆ ಬರೆದ. ಒಂದು ಕಡೆ ಕಿಟಕಿ. ಅದಕ್ಕೆ ಎದುರಾಗಿ ಒಂದು ಸಣ್ಣ ಚೌಕ ಹಾಕಿ, ಅದರ ಮೇಲೆ ಎರಡು ಸಲ ಬೆರಳು ಕುಟ್ಟಿದ. ಚಿತ್ರಗಾರರ ಕುರ್ಚಿ ಅಲ್ಲಿರಬೇಕಿತ್ತು.