ಟ್ರಂಕಿನ ಬೀಗ ಮತ್ತು ನಮ್ಮ ಮೇಷ್ಟ್ರು

ವಿಜ್ಞಾನದ ಮೇಷ್ಟ್ರು ತೀರಿಕೊಂಡ ಸುದ್ದಿ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ ಎಲ್ಲರೂ ನೆನೆದದ್ದು ಅವರು ಕಲಿಸಿದ ಮಗ್ಗಿಯನ್ನು. ಕಾಲು, ಅರೆ, ಮುಕ್ಕಾಲಿನ ಮಗ್ಗಿಯೂ ನಮಗೆ ನೀರು ಕುಡಿದಷ್ಟು ಸಲೀಸಾಗಿ ಬರಬೇಕಿತ್ತು. ತಪ್ಪಿದರೆ ಹುಣಸೆ ಬರಲು. ನನಗೆ ಮಾತ್ರ ಅವರ ಟ್ರಂಕು ನೆನಪಾಯಿತು.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಬಂತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಜೊತೆಗೆ ಪಾಠೋಪಕರಣ. ನಮ್ಮ ಶಾಲೆಗೂ ಗ್ಲೋಬು, ನಕ್ಷೆ, ವಿಜ್ಞಾನದ ಕಿಟ್ಟು ಬಂದವು. ಬಂದ ದಿನವೇ ಸ್ಟಾಕ್ ರಿಜಿಸ್ಟರಿಗೆ ಏರಿ ಟ್ರಂಕಿಗೆ ಇಳಿದವು.

ಆಯಸ್ಕಾಂತದ ಪಾಠ ಬಂತು. ‘ಸಜಾತಿ ಧ್ರುವಗಳು ವಿಕರ್ಷಿಸುತ್ತವೆ’ ಎಂದು ಮೇಷ್ಟ್ರು ಹತ್ತು ಸಲ ಬರೆಸಿದರು. ಆಯಸ್ಕಾಂತ ಅದೇ ಕೋಣೆಯ ಮೂಲೆಯಲ್ಲಿತ್ತು!

ಬೀಗ ಮುಟ್ಟುವಂತಿರಲಿಲ್ಲ. ಹಿಂದಿನ ಕೀಲಿನ ಕಡ್ಡಿ ಎಳೆದರೆ ಮುಚ್ಚಳ ಬರುತ್ತದೆಂದು ಹೊಳೆದದ್ದು ನನಗೇ. ಗೆಳೆಯರು ಇದನ್ನು ಇಂದಿಗೂ ಒಪ್ಪುತ್ತಾರೆ. ಮರುದಿನ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗ ಪರೀಕ್ಷೆಯ ರಟ್ಟಿನ ಮೇಲೆ ಗುಂಡುಸೂಜಿ ಸುರಿದು, ಕೆಳಗೆ ಆಯಸ್ಕಾಂತ ಆಡಿಸಿದೆವು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ಬಂದರು, ರಟ್ಟು ಕಿತ್ತುಕೊಂಡರು. ಬೆನ್ನು ಬಗ್ಗಿಸಿ ಕಾದೆವು. ಏಟು ಬೀಳಲಿಲ್ಲ. ಗಂಟೆ ಹೊಡೆಯುವವರೆಗೂ ತಾವೇ ಸೂಜಿಗಳನ್ನು ಅತ್ತಿತ್ತ ಓಡಿಸುತ್ತಿದ್ದರು. ‘ನಮ್ಮ ಟ್ರೈನಿಂಗಲ್ಲಿ ಇದನ್ನ ಯಾರೂ ಕೈಗೆ ಕೊಟ್ಟಿರ್ಲಿಲ್ಲ ಕಣ್ರೋ’ ಎಂದರು. ಆಮೇಲೆ ಕೀಲು ಕಿತ್ತದ್ದಕ್ಕೆ ಎಲ್ಲರಿಗೂ ಬಾರಿಸಿ, ಕಮ್ಮಾರನ ಹತ್ತಿರ ಕೀಲಿಗೆ ರಿವೆಟ್ ಹೊಡೆಸಿದರು. ನಾವು ಏಳನೇ ತರಗತಿ ಮುಗಿಸುವವರೆಗೂ ಆ ಟ್ರಂಕು ತೆರೆಯಲಿಲ್ಲ.

ಒಡೆದರೆ ಸಂಬಳದಲ್ಲಿ ಹಿಡಿಯುತ್ತಾರೆ ಎನ್ನುತ್ತಿದ್ದರು. ಆ ಭಯ ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡ ಭಯ ‘ಯಾಕೆ ಸಾರ್?’ ಎಂಬ ಪ್ರಶ್ನೆಯದ್ದು ಎಂದು ನನಗೀಗ ಅನ್ನಿಸುತ್ತದೆ. ಲೆಕ್ಕದಲ್ಲಿ ಹುಲಿಯಾಗಿದ್ದ ಮನುಷ್ಯ, ಗೊತ್ತಿಲ್ಲವೆಂದು ಮಕ್ಕಳೆದುರು ಹೇಳಲಾರರು. ಹಾಗೆ ಹೇಳಬಹುದೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಸರ್ಕಾರ ಸಾಮಾನು ಕಳಿಸಿತು, ಅದನ್ನು ಬಳಸುವ ಧೈರ್ಯ ಕಳಿಸಲಿಲ್ಲ. ನಾನು ಇಂದು ಟ್ರಾನ್ಸ್‌ಫಾರ್ಮರ್ ವಿನ್ಯಾಸ ಮಾಡುವ ವಿಭಾಗದ ಮುಖ್ಯಸ್ಥ. ಅದಕ್ಕೆ ಅವರ ಮಗ್ಗಿಯೂ ಕಾರಣ, ಆ ಕೀಲೂ ಕಾರಣ.

ಈಚೆಗೆ ಶಾಲೆಗೆ ಹೋಗಿದ್ದೆ. ನಮ್ಮ ಬ್ಯಾಚು ಕೊಡಿಸಿದ ಸ್ಮಾರ್ಟ್ ಟಿವಿಯ ಪ್ಲಾಸ್ಟಿಕ್ ಕವರು ಇನ್ನೂ ಹಾಗೇ ಇದೆ. ಎಳೆಯ ಟೀಚರ್ ಒಬ್ಬರು ಮೊಟ್ಟೆಯ ಲೆಕ್ಕ ಬರೆದು ಮುಗಿಸಿ, ಮಕ್ಕಳ ದಾಖಲೆಯ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ಗೆ ಮಾಹಿತಿ ತುಂಬುತ್ತಿದ್ದರು. ‘ಆನ್ ಮಾಡೋದು ಗೊತ್ತು ಸರ್, ಅದರಲ್ಲಿ ಪಾಠ ಹೇಗೆ ಮಾಡೋದು ಅಂತ ಯಾರೂ ತೋರಿಸಿಲ್ಲ’ ಎಂದರು. ನಮ್ಮ ಮೇಷ್ಟ್ರ ಬಾಯಿಂದ ಇಷ್ಟು ಮೊದಲೇ ಬಂದಿದ್ದರೆ!

ಈ ಸಲ ಇನ್ನೊಂದು ಟಿವಿ ಬೇಡ, ಆ ದುಡ್ಡಿನಲ್ಲಿ ಶಿಕ್ಷಕರಿಗೆ ಒಂದು ವಾರ ಯಾರಾದರೂ ಜೊತೆಗೆ ಕೂತು ತೋರಿಸಿಕೊಡಲಿ ಎಂದು ಹಳೆಯ ವಿದ್ಯಾರ್ಥಿಗಳ ಸಮಿತಿಗೆ ಹೇಳಿದೆ. ಸಲಹೆ ಎಲ್ಲರಿಗೂ ಹಿಡಿಸಿತು. ದಾನಿಗಳ ಹೆಸರನ್ನು ಎಲ್ಲಿ ಬರೆಸುವುದು ಎಂಬುದೊಂದು ತೀರ್ಮಾನವಾಗಬೇಕಂತೆ.