ಜಾತ್ರಿಯೊಳಗ ಎಲ್ಲಾರಿಗೂ ಕೇಳಿ ಫೋಟೋ ತಗೀತಿಯೇನು?

ಕ್ಯಾಮೆರಾ ಹೆಗಲಿಗಿ ಹಾಕ್ಕೊಂಡು ತಿರಗ್ತೀನಿ ಅಂತ ಗೊತ್ತಿದ್ದವರು ಕೇಳೋದು ಇದೊಂದ ಪ್ರಶ್ನಿ. ಕಲಬುರಗಿ ಶರಣಬಸವೇಶ್ವರ ಜಾತ್ರಿ ಗದ್ದಲದಾಗ ಒಬ್ಬೊಬ್ಬರಿಗೆ ಹೋಗಿ ಹ್ಯಾಂಗ ಕೇಳ್ತಿ ಅಂತಾರ.

ಎಲ್ಲಾರಿಗೂ ಕೇಳಂಗಿಲ್ಲ. ತೇರು ಎಳಿಯೋ ಹೊತ್ತಿಗೆ ಉತ್ತತ್ತಿ ಬಾಳೆಹಣ್ಣು ಹಾರಲಿಕತ್ತಿರ್ತಾವ, ಮಂದಿ ಕೈ ಎತ್ತಿರ್ತಾರ, ಅದು ಜಾತ್ರಿ ಫೋಟೋ. ಆದ್ರ ಅದೇ ಮಂದಿಯೊಳಗ ಒಬ್ಬ ಮುದುಕಿ ಕೈ ಮುಗದು ಅಳಲಿಕತ್ತಿದ್ರ, ನಾ ಜೂಮ್ ಮಾಡಿ ಆಕಿ ಮಾರಿ ಅಷ್ಟೇ ಹಿಡದ್ರ, ಅದು ಆಕಿ ಫೋಟೋ ಆಯ್ತು, ಆಕಿ ಅಳೋದು ಮುಗಿಯೋತನಕ ಕಾದು, ಸ್ಕ್ರೀನ್ ತೋರ್ಸಿ "ಆಯಿ, ಇದು ಇಟ್ಕೊಳ್ಲೇನು?" ಅಂತ ಕೇಳ್ತೀನಿ. ಬ್ಯಾಡ ಅಂದ್ರ ಆಕಿ ಕಣ್ಣೆದುರೇ ಡಿಲೀಟ್.

ಕೆಲವು ಕಡಿ ಕೇಳೋ ಪ್ರಶ್ನಿನೇ ಇಲ್ಲ. ಗಾಣಗಾಪುರದ ದತ್ತಾತ್ರೇಯ ಗುಡಿಯಾಗ ಆರತಿ ಹೊತ್ತಿಗೆ ಮೈಮ್ಯಾಲ ಬಂದು ಹೆಣ್ಮಕ್ಕಳು ಕೂದಲು ಬಿಟ್ಕೊಂಡು ಚೀರತಿರ್ತಾರ, ಸುತ್ತ ಹತ್ತು ಮೊಬೈಲ್ ಎದ್ದಿರ್ತಾವ. ಅಣ್ಣನೋ ಗಂಡನೋ "ತಗೋರಿ" ಅಂದ್ರೂ ನಾ ತಗಿಯಂಗಿಲ್ಲ. ಆಕಿಗಿ ಎಚ್ಚರ ಬಂದಮ್ಯಾಲ ಬ್ಯಾಡ ಅನ್ನೋ ಹಕ್ಕು ಆಕಿದು. ಭೀಮಾ ಸಂಗಮದಾಗ ಸ್ನಾನ ಮಾಡೋರ ಕಡಿ ಕ್ಯಾಮೆರಾ ತಿರಗ್ಸೋದೇ ಇಲ್ಲ. ಸಣ್ಣ ಹುಡುಗರಿದ್ರ ಅವ್ವ ಅಪ್ಪಗ ಕೇಳ್ತೀನಿ.

ಖರೇ ಪಾಠ ಕಲಿಸಿದ್ದು ಯಾದಗಿರಿ ಕಡಿ ಒಂದು ಹಳ್ಳಿ ಮೊಹರಂ. ರಿವಾಯತ್ ಪದ, ಅಂದ್ರ ಕರ್ಬಲಾ ಕಥಿಯ ಮೊಹರಂ ಹಾಡು, ಹಾಡೋ ಕಾಕಾಗ ಕೇಳ್ದೆ, "ಮಾಡ್ಕೋ ತಮ್ಮಾ" ಅಂದ್ರು, ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕ್ದೆ. ನಾಲ್ಕು ತಿಂಗಳಾದಮ್ಯಾಲ ಸಂತ್ಯಾಗ ಸಿಕ್ಕು ಕೈ ಹಿಡದು ನಿಲ್ಲಿಸಿದ್ರು, ಯಾರೋ ಆ ದನಿ ಕತ್ತರಿಸಿ ತಮ್ಮ ಅಂಗಡಿ ಜಾಹೀರಾತಿಗೆ ಹಚ್ಚಿದ್ರಂತ. "ರೆಕಾರ್ಡ್ ಮಾಡ್ಕೋ ಅಂದಿದ್ದೆ, ಊರಿಗೆಲ್ಲಾ ಹಂಚು ಅಂದಿದ್ನೇನು?" ನನ್ನ ಬಾಯಿಂದ ಮಾತೇ ಬರಲಿಲ್ಲ. ನಾ ಮನ್ಯಾಗ ಕೂತು ಕೇಳಲಿಕ್ಕೆ ಬೇಡ್ತೀನಿ ಅಂತ ಅವರು ತಿಳಕೊಂಡಿದ್ರು, ನಾ ಎಲ್ಲಾದಕ್ಕೂ ಒಪ್ಪಿದ್ರು ಅಂತ ತಿಳಕೊಂಡಿದ್ದೆ. 1957ರ ಕಾಪಿರೈಟ್ ಕಾಯ್ದೆಯ 38ನೇ ಕಲಮಿನಾಗ ಹಾಡವರಿಗೂ ತಮ್ಮ ಹಾಡಿಕಿ ಮ್ಯಾಲ 50 ವರ್ಷ ಹಕ್ಕದ ಅಂತ ನಾ ಓದಿದ್ದು ಅದಾದಮ್ಯಾಲ. ನಂದು ವಿಡಿಯೋ ತಗದೆ, ಬ್ಯಾರೆಯವರು ಇಳಿಸ್ಕೊಂಡಿದ್ದು ಹಂಗೇ ಉಳೀತು.

ಅದಕ್ಕ ಈಗ ಎರಡು ಸಲ ಕೇಳ್ತೀನಿ, ತಗಿಯೋಕ ಮೊದಲೊಮ್ಮೆ, ಹಾಕೋಕ ಮೊದಲೊಮ್ಮೆ. ಎರಡನೇದು ಕೇಳಾಗ "ಯೂಟ್ಯೂಬಿಗೆ ಹಾಕ್ತೀನ್ರಿ, ನಿಮ್ಮ ಬೀಗರೂ ನೋಡಬಹುದು, ಗುರ್ತಿಲ್ಲದವರೂ ಇಳಿಸ್ಕೋಬಹುದು" ಅಂತ ಬಿಡಿಸಿ ಹೇಳ್ತೀನಿ. ಬೀಗರು ಅಂದಕೂಡ್ಲೇ ಅರ್ಧ ಮಂದಿ ಒಂದು ಗಳಿಗಿ ವಿಚಾರ ಮಾಡ್ತಾರ, ಆ ವಿಚಾರ ಮಾಡ್ಲಿ ಅಂತನೇ ಹೇಳೋದು. ಹ್ಞೂಂ ಅಂದ್ರ ಅದನ್ನೂ ಅವರ ದನಿಯಾಗೇ ರೆಕಾರ್ಡ್ ಮಾಡಿ ಇಟ್ಕೋತೀನಿ.

ಮರುವರ್ಷ ಮೊಹರಂಕ ಹೋದಾಗ ಕಾಕಾ ಬೈಲಿಲ್ಲ. ಹಾಡೋಕ ಮೊದಲು ಬಾಜೂಕ ಕುಂಡರ್ಸಿಕೊಂಡು, ಇವೆರಡು ಹಾಕು, ಕೊನೀದು ಬ್ಯಾಡ, ಅದು ನಮ್ಮೂರಿಂದು ಅಂದ್ರು.